ಪುಸ್ತಕದಾಗಿನ ರೈತ

ಸಂಸ್ಕೃತ ಕಲಿಸುವವರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ನಮ್ಮ ಹೆಡ್‌ಮಾಸ್ತರು ಜಹೀರುದ್ದೀನ ಸರ್ ನನಗೆ ಎಷ್ಟೋ ಸಲ ಹೇಳಿದ್ದಾರೆ. ಹಾಗಾದರೆ ಸಿಟ್ಟಿನ ಗುತ್ತಿಗೆಯನ್ನು ಗಣಿತದವರಿಗಷ್ಟೇ ಕೊಟ್ಟಿದೆಯೇನು ಎಂದು ನಾನೂ ಅಷ್ಟೇ ಸಲ ಕೇಳಿದ್ದೇನೆ. ಅವರು ನಕ್ಕು ಚಹಾ ತರಿಸುತ್ತಾರೆ. ಒಳ್ಳೆಯ ಮನುಷ್ಯ. ಜಗಳ ಎಂದರೆ ಮಾತ್ರ ಹರದಾರಿ ದೂರ ನಿಲ್ಲುತ್ತಾರೆ.

ನಾನು ಮಹಾನಂದಾ. ಅಣ್ಣಿಗೇರಿಯ ಬಟ್ಟೆ ಅಂಗಡಿಯವರ ಮಗಳು. ಮೊರಬದಿಂದ ಆರು ಕಿಲೋಮೀಟರು ಒಳಗಿರುವ ಈ ಹಳ್ಳಿಯ ಹೈಸ್ಕೂಲಿಗೆ ಬಂದು ಹನ್ನೊಂದು ವರ್ಷವಾಯಿತು. ನನಗಿಂತ ಮೊದಲಿದ್ದ ಪಂಡಿತರು ತರಗತಿಗೆ ಕಾಲಿಟ್ಟ ಕೂಡಲೇ ‘ಹೇ ಬಾಲಕಾಃ’ ಎನ್ನುತ್ತಿದ್ದರಂತೆ. ಹುಡುಗರೇ ಎಂದು ಕರೆದರೆ ಹುಡುಗಿಯರೂ ಅದರೊಳಗೇ ಬಂದರು ಎಂಬುದು ಅವರ ನಂಬಿಕೆ. ನನ್ನ ಒಂಬತ್ತನೆಯ ತರಗತಿಯಲ್ಲಿ ಮೂವತ್ತೊಂದು ಹುಡುಗಿಯರು, ಹದಿನಾಲ್ಕು ಹುಡುಗರು. ಮೂವತ್ತೊಂದು ಜನರನ್ನು ಹದಿನಾಲ್ಕು ಜನರೊಳಗೆ ತುರುಕುವ ವಿದ್ಯೆ ನನಗೆ ಬರುವುದಿಲ್ಲ. ನಾನು ಮೊದಲ ದಿನವೇ ‘ಬಾಲಿಕಾಃ, ಬಾಲಕಾಃ’ ಎಂದು ಇಬ್ಬರನ್ನೂ ಕರೆದೆ. ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರನ್ನು ಕೆಂಪು ಶಾಯಿಯಲ್ಲಿ, ಹುಡುಗರೆಲ್ಲ ಮುಗಿದ ಮೇಲೆ ಬರೆಯುವ ರೂಢಿಯಿತ್ತು. ಅದನ್ನೂ ಬಿಟ್ಟು ಎಲ್ಲರನ್ನೂ ಒಂದೇ ನೀಲಿ ಶಾಯಿಯಲ್ಲಿ ಕಲಸಿ ಬರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಪಂಡಿತರು ಬಿಟ್ಟುಹೋಗಿದ್ದ ಹಳೆಯ ಅಭ್ಯಾಸ ಪುಸ್ತಕದ ಕಥೆ ಬೇರೆ. ಅದರಲ್ಲಿ ಗಂಡಸರು ಓದುತ್ತಾರೆ, ಕುದುರೆ ಹತ್ತುತ್ತಾರೆ, ಬೀಜ ಬಿತ್ತುತ್ತಾರೆ, ರಾಜ್ಯ ಗೆಲ್ಲುತ್ತಾರೆ. ಹೆಂಗಸರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀರು ತರುತ್ತಾರೆ. ಇಷ್ಟು ನೀರು ತಂದು ಎಲ್ಲಿ ಸುರಿಯುತ್ತಾರೋ, ಆ ದೇವರಿಗೇ ಗೊತ್ತು. ನಾನು ಒಂದು ಬೇಸಿಗೆ ರಜೆ ಪೂರ್ತಿ ಕುಳಿತು ನನ್ನವೇ ವಾಕ್ಯಗಳನ್ನು ಬರೆದು ಝೆರಾಕ್ಸ್ ಮಾಡಿಸಿದೆ. ನನ್ನ ಹಾಳೆಗಳಲ್ಲಿ ಹೆಂಗಸು ಬಸ್ಸು ನಡೆಸುತ್ತಾಳೆ, ಔಷಧ ಕೊಡುತ್ತಾಳೆ, ನ್ಯಾಯ ಹೇಳುತ್ತಾಳೆ. ಗಂಡಸು ರೊಟ್ಟಿ ಬಡಿಯುತ್ತಾನೆ. ರೊಟ್ಟಿಯ ವಾಕ್ಯ ಬಂದಾಗ ಹುಡುಗರು ಬೆಂಚು ಬಡಿದು ನಕ್ಕರು. ಹಿಂದಿನ ಬೆಂಚಿನ ಯಲ್ಲೇಶ ಮಾತ್ರ, “ಅದರಾಗ ನಗೋದೇನೈತ್ರಲೇ? ನಮ್ಮವ್ವ ಕೆಲಸಕ್ಕ ಹೋದ್ರ ನಾನ ಬಡೀತೀನಿ” ಎಂದ. ನನಗೆ ಅಗದಿ ಹಿಗ್ಗು. ಈ ಊರನ್ನು ನಾನೇ ತಿದ್ದುತ್ತಿದ್ದೇನೆ ಎನ್ನುವಷ್ಟು ಹಿಗ್ಗು.

ಆ ಹಿಗ್ಗಿಗೆ ತಣ್ಣೀರು ಹಾಕಿದವಳು ಸವಿತಾ.

ಸವಿತಾ ತೆಳ್ಳಗಿನ ಹುಡುಗಿ. ಮಾತು ಕಡಿಮೆ, ಅಂದದ್ದು ಸ್ಪಷ್ಟ. ತಂದೆಯ ತಾಯಿ ಬಸಕ್ಕನನ್ನು ಆಯಿ ಎಂದು ಕರೆಯುತ್ತ ಅವಳ ಹತ್ತಿರವೇ ಬೆಳೆದವಳು. ಜುಲೈ ತಿಂಗಳ ಒಂದು ದಿನ ನಾನು ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ರೈತ ಮಹಿಳೆ ನೇಗಿಲಿನಿಂದ ಹೊಲ ಉಳುತ್ತಾಳೆ ಎಂಬ ಅರ್ಥದ ವಾಕ್ಯ ಬರೆದೆ. ಇಡೀ ತರಗತಿ ಬರೆದುಕೊಂಡಿತು. ಇವಳು ಪೆನ್ನು ಕೆಳಗಿಟ್ಟು ಎದ್ದು ನಿಂತಳು.

“ಟೀಚರ, ನಮ್ಮ ಕಡೆ ಹೆಣ್ಮಕ್ಕಳು ರಂಟಿ ಹೊಡಿಯಂಗಿಲ್ರಿ.”

“ಹೊಡೀಬಾರದು ಅಂತ ಐತೇನು?” ಎಂದೆ. ದನಿ ಏರಿತ್ತು.

“ಹೊಡೀಬಾರದು ಅಂತಲ್ರಿ. ಹೊಡಿಯಂಗಿಲ್ಲ. ಆದ್ರ ಬಿತ್ತೋರು ನಾವ ಅಲ್ರಿ? ಗಂಡಸರು ಎತ್ತು ಹೊಡೀತಾರ. ಕೂರಿಗಿ ಬಟ್ಟಲಕ್ಕ ಬೀಜ ಬಿಡೋದು ಹೆಣ್ಮಕ್ಕಳು. ನಮ್ಮ ಆಯಿ ಕೈಯಿಂದ ಬೀಳಬೇಕು ಅಂತ ಊರಾಗ ಪಾಳಿ ಹಚ್ಚತಾರ. ನೀವು ಆ ವಾಕ್ಯದಾಗ ಆಕಿನ್ನ ಬಿಟ್ಟು, ಇಲ್ಲದ ಹೆಂಗಸನ್ನ ತಂದು ರಂಟಿ ಕೊಟ್ಟೀರಿ.”

ನನ್ನ ಕಿವಿ ಕಾದವು. ಕೂಡು ಎಂದು ಗದರಿಸಿ ಪಾಠ ಮುಂದುವರಿಸಿದೆ. ಆದರೆ ಆ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು. ಹನ್ನೊಂದು ವರ್ಷ ಹೊಲಗಳ ನಡುವಿನ ದಾರಿಯಲ್ಲಿ ಸ್ಕೂಟಿ ಓಡಿಸಿದ್ದೇನೆ. ಬಿತ್ತುವವರು ಯಾರು ಎಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಪಂಡಿತರ ಪುಸ್ತಕ ಸುಳ್ಳು ಎಂದು ಹಾರಾಡಿದವಳು ನಾನು. ನನ್ನ ಹಾಳೆಯೂ ಅಷ್ಟೇ ಸುಳ್ಳು ಹೇಳಿತ್ತು. ನಾಚಿಕೆಯಾಯಿತು. ಮರುದಿನ ತರಗತಿಯಲ್ಲಿ ಎಲ್ಲರ ಎದುರಿಗೆ, “ಸವಿತಾ ಅಂದದ್ದು ಖರೆ, ನಾ ಬರದದ್ದು ತಪ್ಪು, ಬಿತ್ತೋದು ನಾ ನೋಡೇ ಇಲ್ಲ” ಎಂದು ಹೇಳಿ ಆ ವಾಕ್ಯಕ್ಕೆ ಗೀಟು ಹೊಡೆದೆ. ಹೊಸ ವಾಕ್ಯ ಏನು ಬರೆಯಬೇಕೆಂದು ಅವಳನ್ನೇ ಕೇಳಿದೆ. ಅವಳು ಬಂದು ಸೀಮೆಸುಣ್ಣ ಹಿಡಿದು, ಅಜ್ಜಿ ಬೀಜ ಬಿತ್ತುತ್ತಾಳೆ ಎಂದು ಸಂಸ್ಕೃತದಲ್ಲಿ ಬರೆದಳು.

ಸಪ್ಟೆಂಬರ್‌ನಲ್ಲಿ ಧಾರವಾಡದಿಂದ ಪತ್ರ ಬಂತು. ಜಿಲ್ಲೆಯ ಹೈಸ್ಕೂಲುಗಳಿಗೆಲ್ಲ ಸಂಸ್ಕೃತ ಭಾಷಣ ಸ್ಪರ್ಧೆ. ಶಾಲೆಗೊಬ್ಬರು. ವಿಷಯ ‘ನನ್ನ ಊರು’. ನಾನು ಎರಡನೆಯ ಹೆಸರು ಯೋಚಿಸಲೇ ಇಲ್ಲ. ಸವಿತಾಳ ಹೆಸರು ಬರೆದು ಕಳಿಸಿದೆ. ಭಾಷಣವನ್ನೂ ಅವಳೇ ಬರೆದಳು. ನಾನು ಅಲ್ಲಲ್ಲಿ ಕೈಯಾಡಿಸಿದ್ದು ಅಷ್ಟೇ. ಇಪ್ಪತ್ತು ದಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ನಿಂತು ಅಭ್ಯಾಸ ಮಾಡಿದಳು. ಮೈಕಿನಲ್ಲಿ ಮಾತಾಡಿದರೆ ದನಿ ಹೇಗೆ ಕೇಳುತ್ತದೆ, ಸಭಾಗೃಹ ಎಷ್ಟು ದೊಡ್ಡದು, ಮುಂದೆ ಕೂತವರು ನಗುತ್ತಾರೇನು ಎಂದೆಲ್ಲ ಕೇಳುತ್ತಿದ್ದಳು. ಅವಳಿಗೆ ಆ ವೇದಿಕೆ ಹತ್ತಬೇಕಿತ್ತು. ಅಷ್ಟು ಆಸೆ ಆ ಹುಡುಗಿಯ ಕಣ್ಣಲ್ಲಿ ನಾನು ಬೇರೆ ಯಾವುದಕ್ಕೂ ನೋಡಿಲ್ಲ.

ಸ್ಪರ್ಧೆ ಬುಧವಾರ. ಅದರ ಹಿಂದಿನ ಶುಕ್ರವಾರ ನಮ್ಮ ಆಡಳಿತ ಮಂಡಳಿಯ ಚೇರಮನ್ ಮಡಿವಾಳೆಪ್ಪನವರು ಶಾಲೆಗೆ ಬಂದರು. ಅರವತ್ತೆಂಟರ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಪ್ಪು ಮಣ್ಣಿನ ಎರಿ ಹೊಲ. ಶಾಲೆಯ ಕಟ್ಟಡಕ್ಕೆ ಜಾಗ ಕೊಟ್ಟವರೂ ಅವರೇ. ಕೆಟ್ಟವರಲ್ಲ. ಆದರೆ ತಮ್ಮನ್ನು ಕೇಳದೆ ಊರಿನಲ್ಲಿ ಏನೂ ನಡೆಯಬಾರದು ಎಂದು ತಿಳಿದವರು. ಚಿಕ್ಕಂದಿನಲ್ಲಿ ಮಠದಲ್ಲಿ ಎರಡು ವರ್ಷ ಸಂಸ್ಕೃತ ಕಲಿತಿದ್ದಾರೆ. ಅದನ್ನು ಯಾರಿಗೂ ಮರೆಯಲು ಬಿಡುವುದಿಲ್ಲ.

“ನಮ್ಮ ಸಾಲಿ ಹುಡುಗಿ ಧಾರವಾಡಕ್ಕ ಹೊಂಟಾಳಂತಲ್ಲ. ಅನ್ನವಾ, ಕೇಳೂಣು” ಎಂದು ಕುರ್ಚಿ ಎಳೆದು ಕುಳಿತರು.

ಸವಿತಾ ಕೈಕಟ್ಟಿ ನಿಂತು ಶುರು ಮಾಡಿದಳು. ಕೆರೆ ಬಂತು, ಗುಡಿ ಬಂತು, ದರ್ಗಾ ಬಂತು. ಮಡಿವಾಳೆಪ್ಪನವರು ತಲೆದೂಗುತ್ತಿದ್ದರು. ಆಮೇಲೆ ಅವಳು ಹೇಳಿದಳು: “ಮಮ ಪಿತಾಮಹೀ ಕೃಷಿಕಾ. ಸಾ ಬೀಜಂ ವಪತಿ. ತತಃ ಗ್ರಾಮಃ ಖಾದತಿ.” ನನ್ನ ಅಜ್ಜಿ ರೈತಳು, ಅವಳು ಬೀಜ ಬಿತ್ತುತ್ತಾಳೆ, ಆಮೇಲೆ ಊರು ಉಣ್ಣುತ್ತದೆ ಎಂದು.

ತಲೆದೂಗುವುದು ನಿಂತಿತು.

“ನಿಲ್ಲು. ಯಾರ ಬೀಜ? ಯಾರ ಹೊಲ? ಕೂಲಿಗೆ ಬರೋ ಬಸಕ್ಕ ಯಾವಾಗ ರೈತಳಾದ್ಲು? ನಾವು ಕಲಿಯೋ ಮುಂದ ಅಗದಿ ಚಂದ ಇತ್ತು. ಕೃಷಿಕಃ ಬೀಜಂ ವಪತಿ. ರೈತ ಬೀಜ ಬಿತ್ತುತ್ತಾನ. ಮುಗೀತು. ಅಷ್ಟ ಹೇಳಬೇಕು.”

“ಬಿತ್ತಾಕಿ ಅಕಿ ಅಂದಮ್ಯಾಲೆ ಅಕಿನ ಹೆಸರ ಹೇಳಬೇಕಲ್ರಿ ಚೇರಮನ್ರ” ಎಂದೆ.

“ಮಹಾನಂದಾ ಟೀಚರ, ರೈತ ಅಂದ್ರ ಎಲ್ಲಾರೂ ಅದರಾಗ ಬಂದ್ರು.”

“ಎಲ್ಲಾರೂ ಬರೋದಾದ್ರ ಬಸಕ್ಕನೂ ಬರಬೇಕಲ್ರಿ. ಈಗ ಅಕಿನ್ನ ನೀವ ಹೊರಗ ಹಾಕಿದ್ರಿ.”

ಅವರು ನನ್ನ ಜೊತೆ ಮಾತು ಬೆಳೆಸಲಿಲ್ಲ. ಹೆಡ್‌ಮಾಸ್ತರ ಕಡೆ ತಿರುಗಿ, “ಪುಸ್ತಕದಾಗ ಇದ್ದಂಗ ಹೇಳಿದ್ರ ಈ ಹುಡುಗಿ ಹೋಗಲಿ. ಇಲ್ಲಾಂದ್ರ ಬ್ಯಾರೇದಾರನ್ನ ಕಳಸ್ರಿ” ಎಂದು ಎದ್ದು ಹೋದರು.

ಜಹೀರುದ್ದೀನ ಸರ್ ಚಹಾ ತರಿಸಿದರು. “ಒಂದ ಮಾತು ತಾನ ಟೀಚರ? ಬದಲಿ ಮಾಡಿಬಿಡ್ರಿ. ಹುಡುಗಿ ವೇದಿಕಿ ಹತ್ತಿದ್ರ ಸಾಕಲ್ಲ” ಎಂದರು. ನಾನು ಆ ಚಹಾ ಕುಡಿಯಲಿಲ್ಲ. ಆದರೆ ಸರ್ ಹೇಳಿದ್ದನ್ನು ಸವಿತಾಳಿಗೆ ಮುಟ್ಟಿಸಲೇಬೇಕಿತ್ತು. ಹಕ್ಕು ಅವಳದು, ಹೋಗುವವಳೂ ಅವಳು. ಅಂಗಳದಲ್ಲಿ ನಿಲ್ಲಿಸಿ ಹೇಳಿದೆ. ಒಂದು ಮಾತು ಬದಲಿಸಿದರೆ ಹೋಗಬಹುದು, ನೀನು ಏನು ಮಾಡಿದರೂ ನನಗೆ ಸಿಟ್ಟಿಲ್ಲ ಎಂದೆ.

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಕಣ್ಣು ತುಂಬಿದ್ದವು. “ಆಯಿನ್ನ ತಗದು ಬ್ಯಾರೇದಾಂವನ್ನ ಹಾಕಿ ಹೆಂಗ ಹೇಳಲ್ರಿ ಟೀಚರ? ಅಕಿ ಕೂಲಿ ಮಾಡೇ ನನ್ನ ಸಾಲಿಗೆ ಕಳಸಾಕತ್ತಾಳ. ನಾ ಹೋಗಂಗಿಲ್ರಿ” ಎಂದಳು.

ಶನಿವಾರ ಸಂಜೆ ಬಸಕ್ಕನ ಮನೆಗೆ ಹೋದೆ. ಅರವತ್ತು ದಾಟಿದ ಹೆಂಗಸು, ಕೈಕಾಲು ಗಟ್ಟಿ, ಹಣೆಯ ಮೇಲೆ ರೂಪಾಯಿಯಗಲ ಕುಂಕುಮ. ಕಟ್ಟೆಯ ಮೇಲೆ ಕುಳಿತು ಕಡಲೆ ಬೀಜ ಹಸನು ಮಾಡುತ್ತಿದ್ದಳು. ಎರಡು ದಿನದ ಹಿಂದೆ ಒಳ್ಳೆಯ ಮಳೆಯಾಗಿ ಎರಿ ಹೊಲಕ್ಕೆ ಹದ ಬಂದಿತ್ತು. ಮರುದಿನ ಭಾನುವಾರ ಮಡಿವಾಳೆಪ್ಪನವರ ಹೊಲದಲ್ಲಿ ಬಿತ್ತನೆ. ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾದರೂ ಮೊದಲಿನ ಐದು ಸಾಲು ಎತ್ತಿನ ಕೂರಿಗಿಯಿಂದ, ಅದೂ ಬಸಕ್ಕನ ಕೈಯಿಂದಲೇ ಬೀಳಬೇಕು ಎಂಬುದು ಅವರ ಮನೆಯ ನಡೆ. ಅವಳ ಕೈ ಬಿದ್ದರೆ ಹೊಲ ತುಂಬುತ್ತದೆ ಎಂದು ಅವರ ತಾಯಿಯ ಕಾಲದಿಂದ ನಂಬಿಕೆ.

ನಾನು ಕ್ಷಮಿಸು ಎಂದು ಶುರು ಮಾಡಿದೆ. ಅವಳು ಮೊರ ಬದಿಗಿಟ್ಟಳು.

“ಅದ ಇರಲಿ ಅಕ್ಕೋರ. ಆ ಪುಸ್ತಕದಾಗ ಏನ ಐತಿ, ನನಗ ಓದಿ ಹೇಳ್ರಿ.”

ರೈತ ಬೀಜ ಬಿತ್ತುತ್ತಾನೆ ಎಂದು ಹೇಳಿದೆ.

“ಬಿತ್ತತಾನಂತ? ಅಂವ ಯಾ ಊರಾಂವರಿ?”

“ಯಾವ ಊರಾಂವನೂ ಅಲ್ಲ ಬಸಕ್ಕ. ಪುಸ್ತಕದಾಂವ.”

“ಹೌದಾ” ಎಂದಳು. ಸ್ವಲ್ಪ ಹೊತ್ತು ಬೀಜದಲ್ಲಿ ಬೆರಳಾಡಿಸಿದಳು. “ನಾಳಿ ಹೊಲಕ್ಕ ಬರ್ರಿ. ಬಿತ್ತೋದು ನೋಡಿಲ್ಲಂತ ಸವಿತಾ ಹೇಳಿದ್ಲು. ಇಷ್ಟು ವರ್ಷ ಊರಾಗಿದ್ದು ನೋಡಿಲ್ಲಂದ್ರ ಹೆಂಗ?” ಎಂದು ಮತ್ತೆ ಮೊರ ಎಳೆದುಕೊಂಡಳು.

ಭಾನುವಾರ ಬಿಸಿಲು ಏರುವುದರೊಳಗೆ ಹೋದೆ. ಕೂರಿಗಿಗೆ ಎತ್ತು ಹೂಡಿಯಾಗಿತ್ತು. ಎತ್ತು ಹೊಡೆಯುವ ಬೀರೇಶ ಹಗ್ಗ ಹಿಡಿದು ನಿಂತಿದ್ದ. ಬದುವಿನ ಮೇಲೆ ಟ್ರ್ಯಾಕ್ಟರ್ ತನ್ನ ಪಾಳಿ ಕಾಯುತ್ತಿತ್ತು. ಮಡಿವಾಳೆಪ್ಪನವರ ಹೆಂಡತಿ ಕಸ್ತೂರೆವ್ವ ಕೂರಿಗಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಬಸಕ್ಕನ ಹಣೆಗೂ ಕುಂಕುಮ ಹಚ್ಚಿ, ಉಡಿಗೆ ಬೀಜ ಹಾಕಲು ಬುಟ್ಟಿ ಎತ್ತಿದರು. ಸವಿತಾ ಅಜ್ಜಿಯ ಬಾಜು ನಿಂತಿದ್ದಳು. ನನ್ನನ್ನು ಕಂಡು ಮಡಿವಾಳೆಪ್ಪನವರು ಮುಖ ಆ ಕಡೆ ತಿರುಗಿಸಿದರು.

ಬಸಕ್ಕ ಉಡಿ ಒಡ್ಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈಕಟ್ಟಿ ನಿಂತಳು.

“ಧಣ್ಯಾರ, ಪುಸ್ತಕದಾಗ ಬಿತ್ತಾಂವ ಒಬ್ಬ ಅದಾನಂತಲ್ರಿ. ಅಂವನ್ನ ಕರಸ್ರಿ. ನಂದೂ ವಯಸ್ಸಾತು. ಅಂವ ಹೆಂಗ ಬಿತ್ತತಾನ, ಒಮ್ಮೆ ಕಣ್ತುಂಬ ನೋಡತೀನಿ.”

ಬೀರೇಶನ ಕೈಯ ಹಗ್ಗ ಸಡಿಲಾಯಿತು. ವರ್ಷದ ಮುಕ್ಕಾಲು ಪಾಲು ಕೆಲಸ ಬಸಕ್ಕನಿಗೆ ಈ ಮನೆಯಿಂದಲೇ. ಅದು ಅವಳಿಗೆ ಗೊತ್ತಿಲ್ಲವೆ? ಗೊತ್ತಿದ್ದೇ ಆಡಿದ್ದಳು.

“ಏನ್ ಬಸಕ್ಕ, ಹದ ಆರೋ ಹೊತ್ತಿನಾಗ ಚ್ಯಾಷ್ಟಿ ಹಚ್ಚೀಯೇನ್ಬೇ?” ಎಂದರು ಮಡಿವಾಳೆಪ್ಪನವರು.

“ಚ್ಯಾಷ್ಟಿ ಅಲ್ರಿ. ನಾ ಕೂಲಿಯಾಕಿ. ಕಳಿ ತಗಿ ಅನ್ರಿ, ತಗೀತೀನಿ. ಬಿತ್ತೋದು ರೈತನ ಕೆಲಸಂತ ನೀವ ಹೇಳೀರಿ.”

“ಬೀಜ ಬಿಡೋದು ಏನ ದೊಡ್ಡ ವಿದ್ಯಾ! ಬೀರೇಶ, ಹೊಡಿ ಎತ್ತು!” ಸಿಟ್ಟಿನಲ್ಲಿ ಬುಟ್ಟಿಯನ್ನು ಕಸಿದುಕೊಂಡು ತಾವೇ ಕೂರಿಗಿಯ ಹಿಂದೆ ನಿಂತರು. ಇಸ್ತ್ರಿಯ ಅಂಗಿಯಲ್ಲಿ, ಮೆಟ್ಟು ಬಿಟ್ಟು.

ಎತ್ತು ಹೊರಟವು. ಅವರು ಹಿಡಿತುಂಬ ಬೀಜ ಬಟ್ಟಲಿಗೆ ಸುರಿದರು. ಒಂದು ಕೊಳವೆಗೆ ಇಪ್ಪತ್ತು ಕಾಳು, ಬಾಜುವಿನದಕ್ಕೆ ಒಂದೂ ಇಲ್ಲ. ಕಾಳು ಆರಿಸಲು ಬಗ್ಗಿದರೆ ಎತ್ತು ಎರಡು ಹೆಜ್ಜೆ ಮುಂದೆ. ಓಡಿ ಹಿಡಿದರೆ ಬುಟ್ಟಿ ವಾಲಿತು. ಎರಿ ಮಣ್ಣು ಕಾಲಿಗೆ ಮೆತ್ತಿ ಒಂದೊಂದು ಪಾದ ಎರಡರಷ್ಟಾಯಿತು. ಅರ್ಧ ಸಾಲಿಗೆ ಉಸಿರು ಹತ್ತಿ ನಿಂತರು. ಹಿಂದೆ ನೋಡಿದರೆ ಬೀಜ ಎಲ್ಲಿ ಗುಂಪಾಗಿದೆ, ಎಲ್ಲಿ ಬಯಲಾಗಿದೆ ಎಂದು ಬಟ್ಟೆ ಅಂಗಡಿಯವರ ಮಗಳಿಗೂ ತಿಳಿಯುವ ಹಾಗಿತ್ತು.

ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿಕೊಂಡರು. ತಡೆಯಲಾಗಲಿಲ್ಲ, ಜೋರಾಗಿಯೇ ನಕ್ಕರು. “ನಲವತ್ತೈದು ವರ್ಷದಿಂದ ರೈತ ಅನಿಸ್ಕೊಂಡ್ರಿ. ಒಂದ ಸಾಲು ದಾಟಲಿಲ್ಲಲ್ರಿ! ಹಿಂಗ ಬಿಟ್ರ ಈ ವರ್ಷ ಹೊಲದಾಗ ಬರೇ ಗುಬ್ಬಿ ಬೆಳೀತಾವ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ರಂಪವಾಗುತ್ತಿತ್ತು. ಮಡಿವಾಳೆಪ್ಪನವರು ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು ಬದುವಿಗೆ ಬಂದು ಕುಳಿತರು. ಬಹಳ ಹೊತ್ತು ಆ ಅರ್ಧ ಸಾಲನ್ನೇ ನೋಡಿದರು. ಆಮೇಲೆ ಸವಿತಾಳನ್ನು ಕರೆದರು.

“ಮೊನ್ನೆ ಸಾಲ್ಯಾಗ ಏನಂದಿ? ಇನ್ನೊಮ್ಮೆ ಅನ್ನು.”

ಸವಿತಾ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಮಣ್ಣಲ್ಲಿ ಕಾಲೂರಿ, ಕೈಕಟ್ಟಿ, ಮೊದಲಿನಿಂದ ಹೇಳಿದಳು. ಕೆರೆ, ಗುಡಿ, ದರ್ಗಾ. ಮಮ ಪಿತಾಮಹೀ ಕೃಷಿಕಾ. ಸಾ ಬೀಜಂ ವಪತಿ. ತತಃ ಗ್ರಾಮಃ ಖಾದತಿ. ಮೈಕು ಬೇಕಾಗಲಿಲ್ಲ. ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದ ಹೆಂಗಸರೂ ಮಾತು ನಿಲ್ಲಿಸಿ ಕೇಳಿದರು. ಬಸಕ್ಕನಿಗೆ ಒಂದಕ್ಷರ ತಿಳಿಯದಿದ್ದರೂ, ತನ್ನ ವಿಷಯ ಬಂದದ್ದು ಮೊಮ್ಮಗಳ ಮುಖದಿಂದಲೇ ತಿಳಿಯಿತು. ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾದವು. ಸುಳ್ಳು ಏಕೆ ಹೇಳಲಿ?

“ಅದರಾಗ ನಾ ಎಲ್ಲದೀನಿ?” ಎಂದು ಕೇಳಿದರು ಮಡಿವಾಳೆಪ್ಪನವರು. ದನಿಯಲ್ಲಿ ಗತ್ತು ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು.

ಸವಿತಾ ಯೋಚಿಸಿದಳು. ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ, ನನಗೆ ಅದು ಜುಲೈಯಿಂದಲೇ ಗೊತ್ತು.

“ನೀವು ಉಣ್ಣೋರಾಗ ಅದೀರಿ ಅಜ್ಜಾರ.”

ಯಾರೂ ನಗಲಿಲ್ಲ. ಕಸ್ತೂರೆವ್ವ ಕೂಡ. ಒಂದು ಎತ್ತು ತಲೆ ಕೊಡವಿ ಕೊರಳ ಗೆಜ್ಜೆ ಸಪ್ಪಳ ಮಾಡಿತು.

ಮಡಿವಾಳೆಪ್ಪನವರು ಎದ್ದು ಬುಟ್ಟಿಯನ್ನು ತಾವೇ ತಂದು ಬಸಕ್ಕನ ಮುಂದೆ ಹಿಡಿದರು. “ತಗೋ ಬೇ. ಹದ ಆರತೈತಿ.”

“ಹದ ಇನ್ನೂ ಐತ್ರಿ. ಮೊದಲ ಆ ಹೆಡ್‌ಮಾಸ್ತರಿಗೆ ಫೋನ್ ಹಚ್ಚರಿ” ಎಂದಳು ಬಸಕ್ಕ.

ಅವರು ಮಣ್ಣು ಕೈಯಲ್ಲೇ ಕಿಸೆಯಿಂದ ಫೋನ್ ತೆಗೆದು, ದೂರ ಹಿಡಿದು, ನಂಬರು ಹುಡುಕಿದರು. ನನಗೆ ಪೂರ್ತಿ ಕೇಳಿಸುವಷ್ಟು ಜೋರಾಗಿ ಮಾತಾಡಿದರು. ನಾನು ಕೇಳಲಿ ಎಂದೇ ಇರಬೇಕು.

“ಜಹೀರುದ್ದೀನ ಸರ್ ಏನ್ರಿ? ಬುಧವಾರ ಧಾರವಾಡಕ್ಕ ಆ ಸವಿತಾನ ಹೋಗಲಿ. ಹೂಂ, ಅದ ಭಾಷಣ. ಒಂದಕ್ಷರ ಬದಲಿ ಮಾಡಬ್ಯಾಡ್ರಿ. ಇಲ್ಲ ಇಲ್ಲ, ನನಗ ಬ್ಯಾಸರಿಲ್ರಿ. ನಾನೂ ಅದೀನಂತ ಅದರಾಗ.” ಒಂದು ಕ್ಷಣ ನಿಂತು, ಬಸಕ್ಕನ ಕಡೆ ನೋಡಿ ಹೇಳಿದರು: “ಉಣ್ಣೋರಾಗ.”

ಬಸಕ್ಕ ಉಡಿ ಒಡ್ಡಿದಳು. ಅವರು ಕೆಡಿಸಿದ್ದ ಅರ್ಧ ಸಾಲಿನ ತಲೆಗೇ ಎತ್ತುಗಳನ್ನು ತಿರುಗಿಸಲು ಬೀರೇಶನಿಗೆ ಹೇಳಿ, ಮೊದಲ ಹಿಡಿ ತೆಗೆದುಕೊಂಡಳು.